ಹೊಳೆ ಎಂಬ ಎಲೆ

ಕೇರೋ ಊರಿನ ಕೆಳಗೆ, ಒಹಾಯೋ ಬಂದು
ಮಿಸಿಸಿಪ್ಪಿಗೆ ಬೀಳುವಲ್ಲಿ, ಮಂಜು.
ಹದಿನೈದು ದೋಣಿ ಕಲ್ಲಿದ್ದಲು ಮೂತಿಗೆ ಕಟ್ಟಿಕೊಂಡು
ದಡದ ಮರಕ್ಕೆ ಹಗ್ಗ ಬಿಗಿದು ನಿಂತೆವು.
ನನಗೆ ಹತ್ತೊಂಬತ್ತು. ಹಡಗಿಗೆ ಸೇರಿ ಎಂಟು ದಿನ.

ಅಡುಗೆಯ ಲೂಡಿ ಮೇಜೊರೆಸಿ
ಒಣ ಡಬಲ್ ಬೀನ್ಸ್ ಸುರಿದಳು: "ತಲೆಗೆ ನಲವತ್ತು.
ನಾಳೆ ಬೇಯಿಸುವುದೂ ಇದನ್ನೇ,
ಜೇಬಿಗಿಳಿಸಿದವನಿಗೆ ಊಟವಿಲ್ಲ."

ಎರಡೆಲೆ ನಿನ್ನವು, ಎದೆಗೊತ್ತಿಕೊ.
ಐದೆಲೆ ಎಲ್ಲರವು, ನಡುವೆ ಅಂಗಾತ ಮಲಗುತ್ತವೆ.
ಏಳರಲ್ಲಿ ಐದು ಆರಿಸಿ ಕಟ್ಟಿದ್ದೇ ಕೈ.
ಹಂಚುವವನ ಎಡಕ್ಕಿರುವ ಇಬ್ಬರು
ಎಲೆಯ ಮುಖ ನೋಡುವ ಮೊದಲೇ ಕಾಳಿಡಬೇಕು:
ಒಬ್ಬ ಒಂದು, ಪಕ್ಕದವನು ಎರಡು.
"ನೋಡದೆ ಯಾಕಿಡಬೇಕು?" ಎಂದೆ.
"ಯಾರೂ ಇಡದಿದ್ದರೆ ಎಲ್ಲರೂ
ಎಕ್ಕಕ್ಕೆ ಕಾಯುತ್ತ ಮುದುಕರಾಗುತ್ತಾರೆ" ಎಂದಳು.

ಜೋಡಿ ಗೊತ್ತಾಯಿತು. ಎರಡು ಜೋಡಿ ಗೊತ್ತಾಯಿತು.
ಮೂರು ಒಂದೇ ಥರದವು ಬಂದರೆ ಅದಕ್ಕೂ ಮೇಲು.
ಸಾಲಾಗಿ ಐದು, ನಮ್ಮ ದೋಣಿಗಳ ಹಾಗೆ. ಸರಿ.
ಆದರೆ ಒಂದೇ ರಂಗಿನ ಐದು, ಹಿಂದುಮುಂದಿಲ್ಲದ ಪುಂಡರು,
ಆ ಶಿಸ್ತಿನ ಸಾಲನ್ನು ಹೇಗೆ ಹೊಡೆಯುತ್ತಾರೆ?
ಎಂಜಿನ್ನಿನ ಥಡಿಯಸ್ ಕಿವಿಯ ಹತ್ತಿ ತೆಗೆದು ಹೇಳಿದ:
"ಅಪರೂಪಕ್ಕೆ ಬರುತ್ತಾರೆ, ಅದಕ್ಕೇ. ನೆಂಟರನ್ನು ನೋಡಿಲ್ಲವೇ."
ಮೂವರು ಇಬ್ಬರು ಸೇರಿದರೆ ಅದು ತುಂಬಿದ ಮನೆ.
ಅದರ ಮೇಲಿನದೆಲ್ಲ ಈ ಜನ್ಮಕ್ಕೆ ಬೇಡ, ಎಂದರು.

ಸರದಿ ಬಂದಾಗ ಇಷ್ಟೇ:
ಕಾಳಿಡು, ಏರಿಸು, ಇಲ್ಲ ಎಲೆ ಕೆಡಹು.
ಯಾರೂ ಏನೂ ಇಡದಿದ್ದರೆ
ಮೇಜು ತಟ್ಟಿ ಸುಮ್ಮನಿರಬಹುದು.
ಈ ಕೊನೆಯದನ್ನು ನಾನು ಚೆನ್ನಾಗಿ ಕಲಿತೆ.

ಹನ್ನೊಂದು ಗಂಟೆಗೆ ಕೈಗೆ ಬಂದವು ಎರಡು ಒಂಬತ್ತು,
ಒಂದು ಆಟೀನು, ಒಂದು ಕಳಾವರ್.
ನಡುವೆ ಮೂರು ಬಿದ್ದವು:
ಇಸ್ಪೀಟಿನ ರಾಣಿ, ಆಟೀನಿನ ನಾಲ್ಕು, ಡೈಮಂಡಿನ ಒಂಬತ್ತು!
ಕಿವಿ ಬಿಸಿಯಾಯಿತು; ಲೂಡಿ ನನ್ನ ಕಿವಿಯನ್ನೇ ನೋಡಿ
ತನ್ನ ಎಲೆ ಕೆಡಹಿದಳು. ಥಡಿಯಸ್ ಕೂಡ.
ನಾಲ್ಕನೆಯದು ಇಸ್ಪೀಟಿನ ಆರು.
ಐದನೆಯದಕ್ಕೆ ಹೊಳೆ ಎಂದು ಹೆಸರು.
ಹೊರಗೆ ಹೊಳೆ ಹಡಗಿನ ಪಕ್ಕೆಯನ್ನು ನೆಕ್ಕುತ್ತಿತ್ತು,
ಒಳಗೆ ಬಂತು ಇಸ್ಪೀಟಿನ ಎರಡು.

ಚುಕ್ಕಾಣಿಯ ಹಾಲಿಸ್ ಇಡೀ ಸಂಜೆ ಮಾತಾಡಿರಲಿಲ್ಲ.
ಪಡೂಕಾದಿಂದ ಫೋನು ಬಂದಿತ್ತಂತೆ, ಮಗಳದ್ದು.
ತನ್ನ ಕಾಳನ್ನೆಲ್ಲ ಅಂಗೈಯಲ್ಲಿ ಒಟ್ಟಿ ನೀಲಿ ಬಟ್ಟಲಿಗೆ ತಳ್ಳಿದ.
ಆಮೇಲೆ ಅಂಗಿಯ ಗುಂಡಿಯೊಂದನ್ನು ಕಿತ್ತು
"ಇದಕ್ಕೆ ಹತ್ತು" ಎಂದ. ಲೂಡಿ ಒಪ್ಪಿದಳು.

ಮೂರು ಇಸ್ಪೀಟು ನಡುವೆ. ಇನ್ನೆರಡು ಅವನ ಬಳಿ ಇದ್ದರೆ?
ನನ್ನ ಮೂರು ಒಂಬತ್ತನ್ನು ನೋಡಿದೆ. ಅವನ ಮುಖ ನೋಡಿದೆ,
ಅದು ಮಂಜು ಕವಿದ ದಡ; ಮರ ಇದ್ದರೂ ಕಾಣದು.
ಕೆಡಹಿದೆ.

"ಏನಿತ್ತು ನಿನ್ನ ಹತ್ತಿರ?"
ಲೂಡಿ ನನ್ನ ಮಣಿಕಟ್ಟಿಗೆ ಸೌಟಿನಿಂದ ತಟ್ಟಿದಳು:
"ನೋಡಲು ಕಾಳಿಡಬೇಕು. ಇಡದವನು ಕೇಳಬಾರದು."
ಎಲೆ ಒಟ್ಟುಮಾಡುವ ಕೆಲಸ ಕಿರಿಯವನದು.
ಹಾಲಿಸನ ಎರಡೆಲೆ ಅವನ ಬೆರಳಿನಿಂದ ಇನ್ನೂ ಬೆಚ್ಚಗಿದ್ದವು.
ಬೋರಲಾಗಿಯೇ ಕಟ್ಟಿನೊಳಗೆ ಸೇರಿಸಿದೆ.
ಒಂದರ ಮೂಲೆ ತುಸು ಎದ್ದಿತ್ತು. ಕೆಂಪೇ?
ಆಣೆ ಮಾಡಿ ಹೇಳಲಾರೆ.

ಮಂಜು ಎದ್ದಾಗ ಏಳು ಗಂಟೆ.
ಗೆದ್ದ ಕಾಳು ಸೋತ ಕಾಳು ಒಂದೇ ಹಂಡೆಯಲ್ಲಿ ಬೆಂದು
ತಟ್ಟೆಗೆ ಬಂದವು, ಹಂದಿಮಾಂಸದ ತುಂಡಿನ ಜೊತೆ.
ಮೂರನೇ ತುತ್ತಿಗೆ ಹಲ್ಲಿಗೇನೋ ಕಟಕ್ಕೆಂದಿತು:
ನಾಲ್ಕು ತೂತಿನ ಬಿಳಿ ಗುಂಡಿ.

ಚುಕ್ಕಾಣಿಯ ಕೋಣೆಗೆ ಹತ್ತಿ
ಅವನ ಕಾಫಿಯ ಪಕ್ಕಕ್ಕೆ ಅದನ್ನಿಟ್ಟೆ.
"ಇಟ್ಟಿದ್ದೇನೆ. ಈಗ ತೋರಿಸು."

ಹಾಲಿಸ್ ಗುಂಡಿಯನ್ನು ಜೇಬಿಗೆ ಹಾಕಿಕೊಂಡ.
ಅಂಗಿ ಎದೆಯ ಹತ್ತಿರ ಬಾಯಿ ತೆರೆದೇ ಇತ್ತು.
"ಕೈ ಮುಗಿದ ಮೇಲೆ ಇಟ್ಟದ್ದಕ್ಕೆ ಬೆಲೆಯಿಲ್ಲ, ಮಗು,"
ಎಂದು ಎರಡು ಸನ್ನೆಕೋಲುಗಳನ್ನೂ ಎಡಕ್ಕೆಳೆದ.
ನಿಧಾನಕ್ಕೆ, ಹದಿನೈದು ದೋಣಿಗಳು ತಿರುಗತೊಡಗಿದವು.
"ಸೂಜಿ ಇದೆಯಾ ನಿನ್ನ ಹತ್ತಿರ?"